ನೂರರವರೆಗೆ ಹೇಳ್ತಾನೆ, 39 ಆದ್ಮೇಲೆ ಯಾವುದು ಅಂದ್ರೆ ಸುಮ್ಮನಾಗ್ತಾನೆ

ತಿಪಟೂರು ಕಡೆಯ ಹಿರಿಯರೊಬ್ಬರು ಬರೆದಿದ್ದಾರೆ. ಮೊಮ್ಮಗ ಯುಕೆಜಿ, ಒಂದರಿಂದ ನೂರು ಒಂದೇ ಉಸಿರಲ್ಲಿ ಹೇಳ್ತಾನೆ, ಆದ್ರೆ 39 ಆದ್ಮೇಲೆ ಯಾವುದು ಅಂದ್ರೆ ಸುಮ್ಮನಾಗ್ತಾನೆ, ಇಲ್ಲಾ ಮತ್ತೆ ಒಂದರಿಂದ ಶುರು. ಮೂರು ವರ್ಕ್‌ಬುಕ್ ತಂದು ದಿನಾ ಹತ್ತು ಪುಟ ಬರೆಸ್ತಿದ್ದಾರೆ, ಈಗ ಪುಸ್ತಕ ಕಂಡ್ರೆ ಹುಡುಗ ಮಂಚದ ಕೆಳಗೆ ಸೇರ್ಕೊಳ್ತಾನಂತೆ. ಯಾವ ವರ್ಕ್‌ಬುಕ್ ಒಳ್ಳೇದು, ದಿನಕ್ಕೆ ಎಷ್ಟು ಪುಟ, ಕನ್ನಡದಲ್ಲಿ ಹೇಳಿಸೋದೋ ಇಂಗ್ಲಿಷಲ್ಲೋ, ಹುಡುಗ ಹಿಂದೆ ಬಿದ್ದಿದ್ದಾನಾ ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಸರ್, ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ, ಹಿಂದೆ ಬಿದ್ದಿಲ್ಲ. ಪುಟ್ಟ ಮಕ್ಕಳ ಓದು-ಲೆಕ್ಕಕ್ಕೆ ಅಂತ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ, ಒಂದನೇ ಕ್ಲಾಸಿಗೆ ಮುಂಚಿನ ವರ್ಷದ ಮಗುವಿಗೆ ಇಟ್ಟಿರೋ ಗುರಿ 10ರವರೆಗಿನ ಅಂಕಿ ಗುರುತಿಸಿ ಓದೋದು, ಕ್ರಮವಾಗಿ ಜೋಡಿಸೋದು. 99ರವರೆಗೆ ಓದಿ ಬರೆಯೋದು ಒಂದನೇ ಕ್ಲಾಸಿನ ಗುರಿ. ಯುಕೆಜಿ ಮಗುವಿನ ಕೈಲಿ ನೂರರ ತನಕ ಬರೆಸೋದು ಹೆಚ್ಚಾಗಿ ಅಪ್ಪ-ಅಮ್ಮಂದಿರಿಗೆ ತೋರ್ಸೋಕೆ ಅಂತ ನನಗನ್ಸುತ್ತೆ, ಫೀಸ್ ಕಟ್ಟಿದವರಿಗೆ ನೋಟ್‌ಬುಕ್ ತುಂಬಿರೋದು ಕಾಣ್ಬೇಕಲ್ಲ.

ಇನ್ನು ಅವನು ಯಾಕೆ ಮತ್ತೆ ಒಂದರಿಂದ ಶುರು ಮಾಡ್ತಾನೆ ಅನ್ನೋದು. ನಮಗೆ ಬಾಯಿಪಾಠ ಆಗಿರೋ ಹಾಡಿನ ಮೂರನೇ ಚರಣ ಹೇಳಿ ಅಂದ್ರೆ ನಾವೂ ಪಲ್ಲವಿಯಿಂದ ಗುನುಗಿಕೊಂಡೇ ಅಲ್ಲಿಗೆ ಬರ್ತೀವಿ, ಹಾಗೇ ಇದು. ಒಂದರಿಂದ ನೂರು ಅವನಿಗಿನ್ನೂ ಒಂದೇ ಉದ್ದ ಸಾಲು, ಎಲ್ಲಿಂದ ಬೇಕಾದ್ರೂ ಹಿಡ್ಕೊಳ್ಳೋಕೆ ಬರಲ್ಲ. ಕಲಿಯಬೇಕಾಗಿರೋದು ಇದನ್ನೇ, ಮಧ್ಯದಿಂದ ಶುರು ಮಾಡೋದು, ಮಧ್ಯದಲ್ಲಿ ನಿಲ್ಸೋದು, ಹಿಂದಕ್ಕೆ ಬರೋದು. ಇದು ಮೊದಲು ಬಾಯಲ್ಲಿ ಬರ್ಬೇಕು, ಬಾಯಲ್ಲಿ ಬರದೇ ಇರೋದನ್ನ ವರ್ಕ್‌ಬುಕ್ ಕಲಿಸಲ್ಲ, ಬಂದಿರೋದನ್ನ ಗಟ್ಟಿ ಮಾಡುತ್ತೆ ಅಷ್ಟೇ.

ನೀವು ಬರೆಸ್ತಿರೋ ಹತ್ತು ಪುಟದಲ್ಲಿ ಒಂದನ್ನ, ಅವನು ಬರೆಯೋವಾಗ ಪಕ್ಕದಲ್ಲಿ ಕೂತು ನೋಡಿ. 81ರಿಂದ 89ರ ತನಕ ಬರಿ ಅಂದ್ರೆ ಎಷ್ಟೋ ಮಕ್ಕಳು ಮೊದಲು ಎಂಟು ಎಂಟು ಎಂಟು ಅಂತ ಮೇಲಿಂದ ಕೆಳಗೆ ಇಳಿಸ್ಬಿಟ್ಟು, ಆಮೇಲೆ ಪಕ್ಕದಲ್ಲಿ ಒಂದರಿಂದ ಒಂಬತ್ತು ಬರ್ಕೊಂಡು ಹೋಗ್ತಾರೆ, ಪುಟ ಪೂರ್ತಿ ಸರಿ, ಟೀಚರ್ ರೈಟ್ ಹಾಕಿ ಸ್ಟಾರ್ ಕೊಡ್ತಾರೆ, ಆದ್ರೆ ಮಗು ಎಂಬತ್ತನಾಲ್ಕು ಅನ್ನೋ ಸಂಖ್ಯೆನ ಒಂದ್ಸಲನೂ ಯೋಚಿಸಿರಲ್ಲ! ಜಾಣತನವೇ ಅದು, ಬೈಬೇಡಿ. ಆದ್ರೆ ಅಂಥ ಪುಟ ನೂರು ತುಂಬ್ಸಿದ್ರೂ 39 ಆದ್ಮೇಲೆ 40 ಬರಲ್ಲ.

ಎಡವೋದು ಸಾಮಾನ್ಯವಾಗಿ ಅಲ್ಲೇ, ಹತ್ತು ದಾಟೋ ಜಾಗದಲ್ಲಿ. 29 ಆದ್ಮೇಲೆ 'ಇಪ್ಪತ್ ಹತ್ತು' ಅಂದ್ರೆ ನಗಬೇಡಿ, ಲೆಕ್ಕದ ನಿಯಮ ಹಿಡಿದಿದ್ದಾನೆ ಅಂತ ಅರ್ಥ, ಮುಂದಿನ ಹತ್ತರ ಹೆಸರು ಮಾತ್ರ ಸಿಗ್ತಿಲ್ಲ. ಅದಕ್ಕೆ ಹತ್ತು, ಇಪ್ಪತ್ತು, ಮೂವತ್ತು ಇದನ್ನ ಬೇರೆಯಾಗಿ ಮೆಟ್ಟಿಲು ಹತ್ತೋವಾಗ ಹೇಳಿಸಿ. ಇಪ್ಪತ್ತು-ಎಪ್ಪತ್ತು, ಎಂಬತ್ತು-ತೊಂಬತ್ತು ಕಿವಿಗೆ ಒಂದೇ ಥರ ಕೇಳ್ಸುತ್ತೆ, ಅಲ್ಲಿ ಸ್ವಲ್ಪ ನಿಧಾನ ಮಾಡಿ.

ವರ್ಕ್‌ಬುಕ್ ಯಾವುದು ಅಂದ್ರೆ, ಕಂಪನಿ ಹೆಸರು ಹೇಳಲ್ಲ, ತೆಳ್ಳಗಿರೋದು ತಗೊಳ್ಳಿ. ಒಂದು ಪುಟಕ್ಕೆ ಒಂದೇ ಥರದ ಪ್ರಶ್ನೆ, ಅಂಕಿ ದೊಡ್ಡದಾಗಿ, ಮೂಲೆಮೂಲೆಗೂ ಕಾರ್ಟೂನ್ ಇಲ್ಲದೇ ಇರೋದು. ಎಲ್ಲಾ ಪುಟನೂ 1ರಿಂದಲೇ ಶುರುವಾಗ್ತಿದ್ರೆ ವಾಪಸ್ ಇಟ್ಬಿಡಿ. 27, 28, ಖಾಲಿ, 30 ಈ ಥರ ಬಿಟ್ಟ ಸ್ಥಳ ತುಂಬೋದು, ಹಿಂದಿನ ಸಂಖ್ಯೆ, ನಡುವಿನ ಸಂಖ್ಯೆ ಇರ್ಬೇಕು. ಚುಕ್ಕಿ ಸೇರಿಸಿ ಚಿತ್ರ ಮಾಡೋ ಪುಟ ನನಗೆ ಇಷ್ಟ, ಕ್ರಮ ತಪ್ಪಿದ್ರೆ ಆನೆ ಆನೆ ಥರ ಕಾಣಲ್ಲ, ತಪ್ಪು ಮಗುವಿಗೇ ಗೊತ್ತಾಗುತ್ತೆ, ನಾವು ಕೆಂಪು ಪೆನ್ ಹಿಡಿಯೋ ಅವಶ್ಯಕತೆ ಇಲ್ಲ. ನಿಜ ಹೇಳ್ಬೇಕಂದ್ರೆ ಒಂದು ಚೌಕಳಿ ನೋಟ್‌ಬುಕ್ ಇದ್ರೆ ನೀವೇ ರಾತ್ರಿ ಐದು ನಿಮಿಷದಲ್ಲಿ ಪುಟ ಮಾಡ್ಬಹುದು, ಅವತ್ತು ಬಾಯಲ್ಲಿ ಎಲ್ಲಿ ತಡವರಿಸಿದ್ನೋ ಅಲ್ಲೇ ಖಾಲಿ ಬಿಡಿ. ಇದನ್ನ ಅಂಗಡಿ ಪುಸ್ತಕ ಯಾವತ್ತೂ ಮಾಡೋಕಾಗಲ್ಲ, ಅದಕ್ಕೆ ನಿಮ್ಮ ಮೊಮ್ಮಗ ಗೊತ್ತಿಲ್ವಲ್ಲ.

ಬರೆಯೋಕೆ ಕೂರಿಸೋ ಮುಂಚೆ ಆಟ ಆಡಿಸಿ. 2008ರಲ್ಲಿ ಗೀತಾ ರಮಣಿ, ರಾಬರ್ಟ್ ಸೀಗ್ಲರ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗೆ 1ರಿಂದ 10ರ ತನಕ ಅಂಕಿ ಇರೋ ನೇರ ಪಟ್ಟಿಯ ಬೋರ್ಡ್ ಮೇಲೆ ಆಡಿಸಿದ್ರು, ನಾಲ್ಕು ಸಲ, ಒಂದೊಂದು ಸಲ ಕಾಲು ಗಂಟೆ ಅಷ್ಟೇ, ಆ ಮಕ್ಕಳಿಗೆ ಅಂಕಿ ಗುರುತಿಸೋದು, ಯಾವುದು ದೊಡ್ಡದು ಅನ್ನೋದು ಚೆನ್ನಾಗಿ ಬಂತು, ಬರೀ ಬಣ್ಣದ ಮನೆಗಳ ಬೋರ್ಡ್ ಆಡಿದವರಿಗೆ ಅಷ್ಟು ಬರ್ಲಿಲ್ಲ. ಅಲ್ಲಿ ಒಂದು ಸೂಕ್ಷ್ಮ ಇದೆ, 5ರಲ್ಲಿ ಕಾಯಿ ಇದ್ದು ಎರಡು ಬಿದ್ರೆ 'ಒಂದು, ಎರಡು' ಅಂತಲ್ಲ, 'ಆರು, ಏಳು' ಅಂತ ಹೇಳ್ಕೊಂಡು ನಡೆಸ್ಬೇಕು. ಹಳೇ ಕ್ಯಾಲೆಂಡರ್ ಹಿಂದೆ ಉದ್ದಕ್ಕೆ ಗೆರೆ ಎಳೆದು ಮನೆ ಮಾಡಿ, ಹುಣಸೆಬೀಜ ಕಾಯಿ ಆಗುತ್ತೆ. ಹಾವು-ಏಣಿ ಆಮೇಲೆ ಆಡಿಸಿ, ಅದರಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ ಹೋದ್ರೆ ಮುಂದಿಂದು ಬಲದಿಂದ ಎಡಕ್ಕೆ ತಿರುಗುತ್ತೆ, ವರ್ಕ್‌ಬುಕ್ಕಿನ ನೂರರ ಚಾರ್ಟಲ್ಲಿ ಎಲ್ಲಾ ಸಾಲೂ ಎಡದಿಂದಲೇ, ಎರಡೂ ಒಟ್ಟಿಗೆ ಕೊಟ್ರೆ ಮಗುವಿಗೆ ಗೊಂದಲ ಆಗುತ್ತೆ.

ಕನ್ನಡನೋ ಇಂಗ್ಲಿಷೋ? ಮನೇಲಿ ಕನ್ನಡದಲ್ಲೇ ಹೇಳಿಸಿ. ಹದಿಮೂರು ಅಂದಾಗ ಹತ್ತು ಮೊದಲು ಕೇಳ್ಸುತ್ತೆ, ಮೂರು ಆಮೇಲೆ, 13 ಬರೆಯೋದೂ ಅದೇ ಕ್ರಮದಲ್ಲಿ. ಥರ್ಟೀನ್ ಅಂದ್ರೆ ಮೂರು ಮೊದಲು ಕೇಳ್ಸುತ್ತೆ, ಮಗು 31 ಬರ್ದಿಡುತ್ತೆ, ಮೇಲಿಂದ ಥರ್ಟಿ ಬೇರೆ ಹಾಗೇ ಕೇಳ್ಸುತ್ತೆ. ನಮ್ಮಲ್ಲಿ ಹನ್ನೊಂದು, ಹನ್ನೆರಡು, ಹತ್ತೊಂಬತ್ತು ಸ್ವಲ್ಪ ಬೇರೆ ಥರ, ಇಪ್ಪತ್ತರ ಮೇಲೆ ಎಲ್ಲಾ ಒಂದೇ ಮಟ್ಟ. ಸ್ಕೂಲಿನ ಇಂಗ್ಲಿಷ್ ಅದರ ಪಾಡಿಗೆ ಬರುತ್ತೆ.

ಪುಟದ ವಿಷಯ: ಒಂದು. ಅವನೇ ಇನ್ನೊಂದು ಕೇಳಿದ್ರೆ ಎರಡು. ಸದ್ಯಕ್ಕೆ ಒಂದು ವಾರ ಅದೂ ಬೇಡ, ಬರೀ ಬಾಯಲ್ಲಿ ಆಡಿಸಿ, ಬಸ್ಸಲ್ಲಿ ಹೋದ್ರೆ ಸೀಟ್ ನಂಬರ್ ಕೇಳಿ, ನಮ್ಮ ಹಿಂದಿನ ಸೀಟ್ ಎಷ್ಟು, ಮುಂದಿನದು ಎಷ್ಟು. ಮತ್ತೆ ಶುರು ಮಾಡೋವಾಗ ನೂರರ ಪುಟ ಬಿಟ್ಟು 20ರ ಒಳಗಿನದು ಕೊಡಿ, ಸುಲಭ ಅನ್ಸಿದ್ರೆ ಅನ್ಸಲಿ. 3 ಉಲ್ಟಾ ಬರೀತಾನೆ ಅಂತಲೂ ಕೊನೇಲಿ ಬರೆದಿದ್ದೀರಿ, ಈ ವಯಸ್ಸಿಗೆ ಅದು ಮಾಮೂಲು, ಅದಕ್ಕೆ ಬೇರೆ ವರ್ಕ್‌ಬುಕ್ ತರಬೇಡಿ.