ಅಜ್ಜಿಯ ಕುಂಕುಮ ಎಲ್ಲಿ ಹೋಯಿತು?

ಪ್ರಶ್ನೆ: ಸರ್, ನಮ್ಮಜ್ಜಿಯ ಫೋಟೋವನ್ನು ಚುಕ್ಕಿ ರಂಗೋಲಿಯ ಹಾಗೆ ಮೂಡಿಸಲು, ಕೋಡ್ ಬರೆದು ಚಿತ್ರ ಬಿಡಿಸುವ ಸಾಧನವಾದ ಪಿ5 ಜೆಎಸ್‌ನಲ್ಲಿ ಕೋಡ್ ಬರೆದಿದ್ದೇನೆ. ಕತ್ತಲಿದ್ದಲ್ಲಿ ದಪ್ಪ ಚುಕ್ಕಿ, ಬೆಳಕಿದ್ದಲ್ಲಿ ಸಣ್ಣದು. ಆಮೇಲೆ ಗೆರೆ, ಚೌಕ, ಅಕ್ಷರ ಅಂತ ಒಂದೊಂದಕ್ಕೂ ಹಳೇ ಫೈಲ್ ಕಾಪಿ ಮಾಡುತ್ತಾ ಹೋದೆ. ಈಗ ಹನ್ನೊಂದು ಫೈಲ್ ಇವೆ. ಒಂದರಲ್ಲಿ ತಿದ್ದಿದರೆ ಉಳಿದ ಹತ್ತರಲ್ಲೂ ತಿದ್ದಬೇಕು. ಸಾಲದ್ದಕ್ಕೆ ಯಾವುದರಲ್ಲೂ ಅಜ್ಜಿಯ ಕುಂಕುಮ ಕಾಣುವುದಿಲ್ಲ!
– ಓದುಗಿ, ಡೊಂಬಿವಿಲಿ

ಉತ್ತರ: ಮೊದಲು ಕುಂಕುಮ ಹುಡುಕೋಣ. ನೀವು ಪಿ5ನ ‘ಬ್ರೈಟ್‌ನೆಸ್’ ಫಂಕ್ಷನ್ ಬಳಸಿದ್ದೀರಿ, ಅಲ್ವಾ? ಅದು ಕೆಂಪು, ಹಸಿರು, ನೀಲಿಗಳಲ್ಲಿ ಯಾವುದು ದೊಡ್ಡದೋ ಅದನ್ನಷ್ಟೇ ನೋಡುತ್ತದೆ. ಈ ಮೂರಕ್ಕೂ 0ಯಿಂದ 255ರವರೆಗೆ ಅಂಕ. ಕುಂಕುಮ 200, 20, 30 ಅನ್ನಿ. ಹಣೆ 190, 140, 110. ಅದರ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನಮ್ಮ ಕಣ್ಣು ಹಾಗಲ್ಲ, ಅದಕ್ಕೆ ಹಸಿರೇ ಜಾಸ್ತಿ ಬೆಳಗುತ್ತದೆ. ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸಿ. ಕುಂಕುಮ 75ಕ್ಕೆ ಇಳಿಯುತ್ತದೆ, ಹಣೆ 152ರಲ್ಲಿ ನಿಲ್ಲುತ್ತದೆ.

ಇನ್ನು ಹನ್ನೊಂದು ಫೈಲ್‌ಗಳ ಕಥೆ. ನಾನು ಲೋವರ್ ಪರೇಲಿನ ಒಂದು ಪ್ರೆಸ್ಸಿನ ಕ್ಯಾಮೆರಾ ರೂಮಿನಲ್ಲಿ ದುಡಿದವನು. ಫೋಟೋವನ್ನು ಸ್ಕ್ರೀನ್ ಮೂಲಕ ಚುಕ್ಕಿಗಳಾಗಿ ಒಡೆಯುವುದು ನಮ್ಮ ಕೆಲಸ. ಕೆಳಗಿನ ಮೆಷಿನ್‌ಮ್ಯಾನ್ ಒಂದು ದಿನವೂ ಮೂಲ ಫೋಟೋ ಕೇಳಲಿಲ್ಲ. ಅವನಿಗೆ ಆ ಚುಕ್ಕಿಗಳ ಪ್ಲೇಟ್ ಸಾಕಿತ್ತು. ನಿಮ್ಮ ಹನ್ನೊಂದು ಫೈಲ್‌ಗಳಲ್ಲೂ ಮೆಷಿನ್‌ಮ್ಯಾನೇ ಕ್ಯಾಮೆರಾ ಹಿಡಿದು ಕೂತಿದ್ದಾನೆ. ಅಂದರೆ ಬಿಡಿಸುವ ಕೋಡೇ ಫೋಟೋವನ್ನೂ ಅಳೆಯುತ್ತಿದೆ.

ಅಳೆಯುವ ಕೋಡ್ ಒಂದು ಫೈಲ್‌ನಲ್ಲಿರಲಿ. 1200 x 800ರ ಫೋಟೋವನ್ನು 10 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿದರೆ 9,600 ಮನೆಗಳು. ಒಂದೊಂದು ಮನೆಯ ನೂರೂ ಪಿಕ್ಸೆಲ್‌ಗಳ ಬೆಳಕನ್ನು ಮೇಲಿನ ಲೆಕ್ಕದಂತೆ ಅಳೆದು ಸರಾಸರಿ ತೆಗೆಯಿರಿ. ಮೂಲೆಯ ಒಂದೇ ಪಿಕ್ಸೆಲ್ ಹೆಕ್ಕಿದರೆ ಮೂಗುತಿಯ ಒಂದು ಮಿಂಚು ಇಡೀ ಮನೆಯನ್ನು ಬೆಳ್ಳಗೆ ಮಾಡಿಬಿಡುತ್ತದೆ. ಬಂದದ್ದನ್ನು 255ರಿಂದ ಭಾಗಿಸಿ, 0ಯಿಂದ 1ರೊಳಗಿನ ಸಂಖ್ಯೆಯಾಗಿ ಇಟ್ಟುಕೊಳ್ಳಿ. ಇದು ಶುರುವಿನಲ್ಲಿ ಒಂದೇ ಸಲ ಓಡುವ ‘ಸೆಟಪ್’ನಲ್ಲಿ ನಡೆಯಲಿ. ಮತ್ತೆ ಮತ್ತೆ ಓಡುವ ‘ಡ್ರಾ’ದೊಳಗೆ ಇಟ್ಟರೆ ಸೆಕೆಂಡಿಗೆ 60 ಸಲ ಸುಮ್ನೆ ಅಳೆಯಲು ಹೋಗುತ್ತದೆ. ಆಮೇಲೆ ಫೋಟೋವನ್ನು ಯಾರೂ ಮುಟ್ಟಬಾರದು.

ಚುಕ್ಕಿ, ಗೆರೆ, ಚೌಕ ಒಂದೊಂದೂ ಒಂದು ಪುಟ್ಟ ಫಂಕ್ಷನ್. ಎಲ್ಲಕ್ಕೂ ಕೊಡುವುದು ಅದೇ ನಾಲ್ಕು: ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಮನೆಯ ಅಳತೆ, ಎಷ್ಟು ಬಣ್ಣ ಬೇಕು. 1, 2, 3 ಕೀಲಿ ಒತ್ತಿದರೆ ಫಂಕ್ಷನ್ ಬದಲಾಗಲಿ.

‘ಎಷ್ಟು ಬಣ್ಣ’ ಅಂದೆ, ‘ಎಷ್ಟು ಬೆಳಕು’ ಅಲ್ಲ. ಬಿಳೀ ಕಾಗದಕ್ಕೆ ಕರಿ ಶಾಯಿಯಾದರೆ 1ರಿಂದ ಬೆಳಕನ್ನು ಕಳೆಯಬೇಕು. ರಂಗೋಲಿ ಬಿಳಿ, ನೆಲ ಕೆಂಪು. ಅಲ್ಲಿ ಕಳೆಯುವಂತಿಲ್ಲ, ಬೆಳಕಿದ್ದಲ್ಲೇ ದಪ್ಪ ಚುಕ್ಕಿ ಬರಬೇಕು. ನೀವು ಬರೆದಿರುವುದು ರಂಗೋಲಿಯಲ್ಲ, ಪೇಪರಿನ ಫೋಟೋ! ಈ ತಿರುವುಮುರುವು ಅಳೆಯುವ ಕೋಡ್, ಬಿಡಿಸುವ ಫಂಕ್ಷನ್ ಎರಡರ ನಡುವೆ ಒಂದೇ ಸಾಲಿನಲ್ಲಿರಲಿ.

ಚುಕ್ಕಿಯ ಅಗಲ ಅರ್ಧವಾದರೆ ಅದು ತುಂಬುವ ಜಾಗ ಕಾಲು ಭಾಗ. ಹಾಗಾಗಿ ಅಗಲಕ್ಕೆ ಬಣ್ಣದ ವರ್ಗಮೂಲ ತೆಗೆದುಕೊಳ್ಳಿ. ಇಲ್ಲದಿದ್ದರೆ ನಡುವಿನ ಛಾಯೆಗಳೆಲ್ಲ ತೆಳುವಾಗುತ್ತವೆ.

ಅಕ್ಷರಗಳ ವಿನ್ಯಾಸಕ್ಕೆ ಯಾವ ಅಕ್ಷರ ಎಷ್ಟು ಕಪ್ಪು ಎಂದು ಊಹಿಸಬೇಡಿ. ಒಂದೊಂದನ್ನೂ ದೊಡ್ಡದಾಗಿ ಬರೆಸಿ, ಅದೇ ಅಳೆಯುವ ಫೈಲ್‌ಗೆ ಕೊಡಿ. ನಾನು ‘ಝ’ ಮೇಲೆ ಪಂಥ ಕಟ್ಟುತ್ತೇನೆ. ಅಳೆದು ಬರೆಯಿರಿ.