ಆ ಬಿಳಿ ಚುಕ್ಕೆ ಗಗನಯಾತ್ರಿನಾ?

ಪ್ರಶ್ನೆ: ಸರ್, ನನ್ನ 8 ಇಂಚಿನ ಟೆಲಿಸ್ಕೋಪಿನಿಂದ ತಾರಸಿ ಮೇಲೆ ನಿಂತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವಿಡಿಯೋ ತೆಗೆದೆ. ನೆತ್ತಿಯ ಹತ್ತಿರವೇ ಹಾದುಹೋಯಿತು. ಒಂದು ಫ್ರೇಮ್ ಶಾರ್ಪ್ ಮಾಡಿದಾಗ ನಡುಭಾಗಕ್ಕೆ ಅಂಟಿಕೊಂಡಂತೆ ಬಿಳಿ ಚುಕ್ಕೆ ಕಂಡಿತು. ನಿಲ್ದಾಣ 170 ಪಿಕ್ಸೆಲ್ ಅಗಲ, ಚುಕ್ಕೆ 3 ಪಿಕ್ಸೆಲ್. ಅಂದರೆ ಹತ್ತಿರಹತ್ತಿರ 2 ಮೀಟರ್, ಮನುಷ್ಯನ ಅಳತೆ! ಹೊರಗೆ ಕೆಲಸ ಮಾಡುತ್ತಿದ್ದ ಗಗನಯಾತ್ರಿ ಇರಬಹುದಾ? ಫ್ರೇಮುಗಳನ್ನು ಕಳಿಸಿದ್ದೇನೆ.
— ಓದುಗರು, ಮೈಸೂರು

ಉತ್ತರ: ಮೊದಲಿಗೆ ಶಹಬ್ಬಾಸ್. ನೆತ್ತಿಯ ಮೇಲೆ ಅದು ಸೆಕೆಂಡಿಗೆ ಸುಮಾರು 1 ಡಿಗ್ರಿ ಓಡುತ್ತದೆ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರ. ಅದನ್ನು ಫ್ರೇಮಿನೊಳಗೆ ಹಿಡಿದಿಟ್ಟದ್ದೇ ದೊಡ್ಡದು.

ನಿಮ್ಮ ಲೆಕ್ಕವೂ ಸರಿ. ನಿಲ್ದಾಣದ ಅಗಲ 109 ಮೀಟರ್, ಒಂದು ಪಿಕ್ಸೆಲ್ಲಿಗೆ 64 ಸೆಂಟಿಮೀಟರ್ ಬರುತ್ತದೆ. ಎಡವಟ್ಟಾಗಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಸುಮಾರು 410 ಕಿ.ಮೀ. ದೂರದಿಂದ 8 ಇಂಚಿನ ಕನ್ನಡಿ, ಗಾಳಿ ಅಲ್ಲಾಡದೆ ನಿಂತಿದ್ದರೂ, ಒಂದು ಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು, ಗಾಳಿಯ ನಡುಕವೂ ಸೇರಿದರೆ ಅದು ಸಲೀಸಾಗಿ ಎರಡು ಮೀಟರ್ ಆಗುತ್ತದೆ. ರಾತ್ರಿ ದೂರದಿಂದ ಬರುವ ಬೈಕಿನ ಹೆಡ್‌ಲೈಟ್ ಬೈಕಿಗಿಂತ ದಪ್ಪ ಕಾಣುತ್ತೆ, ಅಲ್ವಾ? ಹಾಗೇ. ಅಂಗೈಯಗಲದ ತಗಡು ಬಿಸಿಲಿಗೆ ಮಿಂಚಿದರೂ ನಿಮ್ಮ ಚಿತ್ರದಲ್ಲಿ ಅದು ಮನುಷ್ಯನಷ್ಟೇ ಎತ್ತರ. ಹಾಗಾಗಿ ಅಳತೆ ಹೊಂದಿತು ಅನ್ನುವುದು ಇಲ್ಲಿ ಸಾಕ್ಷಿಯೇ ಅಲ್ಲ.

ಆ ಫ್ರೇಮಿನ ಹಿಂದಿನ ಐದು, ಮುಂದಿನ ಐದು ಫ್ರೇಮುಗಳನ್ನು ಶಾರ್ಪ್ ಮಾಡದೆ ಸಾಲಾಗಿ ಇಟ್ಟು ನೋಡಿದೆ. ಚುಕ್ಕೆ ಒಂದರಲ್ಲೇ ಇದೆ. ಮುಂದಿನದರಲ್ಲಿ ಅದೇ ಜಾಗ ಕಪ್ಪಗಿದೆ, ಅದರಾಚೆಯದರಲ್ಲಿ ಬೂದು. ಇದು ಕ್ಯಾಮೆರಾದ ಕಾಳು, ಅಂದರೆ ಕ್ಯಾಮೆರಾ ತಾನಾಗಿ ಚಿತ್ರದಲ್ಲಿ ಮೂಡಿಸುವ ಸಣ್ಣ ಕಲೆ (ನಾಯ್ಸ್). ಶಾರ್ಪ್ ಮಾಡುವಾಗ ಅದಕ್ಕೇ ಗೊಬ್ಬರ ಬಿದ್ದು ಚುಕ್ಕೆಯಾಗಿ ಬೆಳೆದಿದೆ. ಸುತ್ತ ಕಾಣುವ ಕಪ್ಪು ಉಂಗುರವೂ ಶಾರ್ಪಿಂಗ್ ಬಿಟ್ಟ ಗುರುತೇ. ಅಂದು ಯಾರಾದರೂ ಹೊರಗಿದ್ದರಾ ಅಂತ ಪಟ್ಟಿ ನೋಡಬಹುದು, ಆದರೆ ಇದ್ದರೂ ಈ ಚುಕ್ಕೆ ಅವರಾಗುವುದಿಲ್ಲ.

ಬೇಜಾರು ಬೇಡ. ಹನ್ನೊಂದೂ ಫ್ರೇಮುಗಳಲ್ಲಿ ಜಾಗ ಬಿಡದೆ ಕೂತಿರುವುದನ್ನು ನೋಡಿ: ಕಂದುಬಣ್ಣದ ಸೌರ ಫಲಕಗಳು, ನಡುವೆ ನಿಲ್ದಾಣದ ಶಾಖವನ್ನು ಹೊರಹಾಕುವ ಬೆಳ್ಳಗಿನ ರೇಡಿಯೇಟರುಗಳು. ಅವು ಅಪ್ಪಟ ನಿಜ. ನನಗೆ ಚುಕ್ಕೆಗಿಂತ ಆ ರೇಡಿಯೇಟರೇ ಜಾಸ್ತಿ ಖುಷಿ ಕೊಟ್ಟಿತು. ಕೊನೆಯ ಫ್ರೇಮುಗಳಲ್ಲಿ ನಿಲ್ದಾಣದ ಒಂದು ಅಂಚು ಕೆಂಪು, ಇನ್ನೊಂದು ನೀಲಿ ಆಗಿರುವುದು ಮಾತ್ರ ಅದರ ಬಣ್ಣವಲ್ಲ. ಅದು ದಿಗಂತದ ಕಡೆ ಇಳಿದಂತೆಲ್ಲ ನಮ್ಮ ವಾತಾವರಣವೇ ಗಾಜಿನ ಪಟ್ಟಕದ ಹಾಗೆ ಬೆಳಕನ್ನು ಒಡೆಯುತ್ತದೆ.

ಪ್ರಶ್ನೆ: ಗೆಳೆಯ ತೆಗೆದ ಫೋಟೋದಲ್ಲಿ ನಿಲ್ದಾಣ ಇಂಗ್ಲಿಷಿನ ‘ಟಿ’ ಅಕ್ಷರದಂತಿದೆ. ಅರ್ಧ ಮುರಿದಿದೆಯಾ?
— ಓದುಗರು, ಶಿವಮೊಗ್ಗ

ಉತ್ತರ: ಮುರಿದಿಲ್ಲ, ಅದು ಬಹುಶಃ ಬೇರೆ ನಿಲ್ದಾಣ. ಚೀನಾದ ತಿಯಾಂಗಾಂಗ್ ಹಾಗೇ ಇದೆ. 2021ರಲ್ಲಿ ಒಂದು, 2022ರಲ್ಲಿ ಎರಡು, ಹೀಗೆ ಮೂರು ದೊಡ್ಡ ಭಾಗಗಳನ್ನು ಜೋಡಿಸಿದ್ದಾರೆ. ಫೋಟೋ ತೆಗೆದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಕೇಳಿ, ಅಂದು ನಿಮ್ಮೂರ ಮೇಲೆ ಯಾವ ನಿಲ್ದಾಣ ಹಾದುಹೋಯಿತು ಅಂತ ಉಪಗ್ರಹಗಳ ಹಾದಿ ತೋರಿಸುವ ಆ್ಯಪಿನಲ್ಲಿ ನೋಡಿ. ಸುಮ್ನೆ ಆಕಾರ ನೋಡಿ ಹೇಳಲು ಹೋದರೆ ನಾನೂ ತಪ್ಪಬಹುದು, ಯಾಕಂದ್ರೆ ಓರೆಯಾಗಿ ಕಂಡಾಗ ಎರಡೂ ಬೇರೆಬೇರೆ ವೇಷ ಹಾಕುತ್ತವೆ.