ಕಂಬಳಿಗೆ ಅಷ್ಟು ರೇಟ್ ಯಾಕೆ ಅಂದರೆ

ಶಿರಾ ಸಂತೆಯಲ್ಲಿ ಕೈಮಗ್ಗದ ಕಂಬಳಿಗೆ 2,500 ಹೇಳಿದರು, ಅಂಗಡಿ ಬ್ಲಾಂಕೆಟ್ 600ಕ್ಕೇ ಸಿಗುತ್ತೆ, ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ. ಮೋಸ ಅಲ್ಲ ಸರ್. ಆ 600ರದ್ದು ಹೆಚ್ಚಾಗಿ ಪಾಲಿಯೆಸ್ಟರ್, ಮಿಷನ್ನಿನದು. ಕಂಬಳಿಗಾದರೆ ಕುರಿ ಉಣ್ಣೆ ಕತ್ತರಿಸಿ, ಕಸ ಆರಿಸಿ, ರಾಟೆಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸಿ, ಆಮೇಲೆ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಳೆ ಹಿಡಿದರೆ ಗಂಜಿ ಒಣಗುವುದಿಲ್ಲ, ಅವತ್ತು ಕೆಲಸವೂ ಇಲ್ಲ. ನಮ್ಮ ಪಕ್ಕದ ಮನೆ ಅಜ್ಜಿ ನೂಲುವುದನ್ನು ನೋಡಿದ್ದೇನೆ, ಎಳೆ ತುಂಡಾದಾಗಲೆಲ್ಲ ರಾಟೆ ನಿಲ್ಲಿಸಿ ಬೆರಳಲ್ಲೇ ಹೊಸೆದು ಸೇರಿಸುತ್ತಿದ್ದರು. ಆ ಕೂಲಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ದಯವಿಟ್ಟು ಜಾಸ್ತಿ ಚೌಕಾಸಿ ಮಾಡಬೇಡಿ. ಅನುಮಾನ ಇದ್ದರೆ ಕಂಬಳಿ ಮಾರುವವರನ್ನೇ ಕೇಳಿ ಒಂದು ಎಳೆ ಸುಟ್ಟು ನೋಡಿ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ.